ಕಬ್ಬಾಳದುರ್ಗವೂ ಮೂರು ಪುಟ್ಟ ಆಟಗಳೂ

ಬೆಂಗಳೂರಿನಿಂದ ಕನಕಪುರ ದಾಟಿ ಮಳವಳ್ಳಿ ಕಡೆಗೆ ಹೋಗುವ ಬಸ್ಸಿನಿಂದ ಸಾತನೂರಿನಲ್ಲಿ ಇಳಿಯುವವರಲ್ಲಿ ಎರಡು ಬಗೆ. ಬ್ಯಾಂಕು, ಆಸ್ಪತ್ರೆ ಎಂದು ಬಂದ ಸುತ್ತಲ ಹಳ್ಳಿಯವರು ಒಂದು ಬಗೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತವರು ಇನ್ನೊಂದು ಬಗೆ. ನಾವಿಬ್ಬರೂ ಎರಡಕ್ಕೂ ಸೇರಿದವರಲ್ಲ. ನನ್ನ ಜೊತೆಗಿದ್ದವನು ಅಣ್ಣನ ಮಗ. ಎಂಜಿನಿಯರಿಂಗಿನಲ್ಲಿ ಎರಡನೆಯ ಸಲವೂ ನಾಲ್ಕು ವಿಷಯ ಉಳಿಸಿಕೊಂಡು, ಆರು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದ ಹುಡುಗ. 'ಎಲ್ಲಾದರೂ ಕರೆದುಕೊಂಡು ಹೋಗಿ ಬುದ್ಧಿ ಹೇಳು' ಎಂದು ಅಣ್ಣ ನನಗೆ ಒಪ್ಪಿಸಿದ್ದ. ಬುದ್ಧಿ ಹೇಳುವುದಕ್ಕೆ ಮೊದಲು ಅವನು ಆಡುವುದು ಏನೆಂದು ನೋಡೋಣವೆಂದು, ಅವನಿಂದಲೇ ಮೂರು ಆಟಗಳನ್ನು ಕೇಳಿ ಪಡೆದು, ಒಂದು ತಿಂಗಳಲ್ಲಿ ಮೂರನ್ನೂ ಕೊನೆಯವರೆಗೆ ಆಡಿ ಮುಗಿಸಿದ್ದೆ.

ಇವಕ್ಕೆ 'ಇಂಡಿ' ಆಟಗಳೆಂದು ಹೆಸರು. ನೂರಾರು ಜನರ ದೊಡ್ಡ ಕಂಪನಿಗಳು ತಯಾರಿಸಿದವಲ್ಲ. ಒಬ್ಬರೋ ಹತ್ತಾರು ಮಂದಿಯೋ ಕೂತು ತಮಗೆ ಬೇಕಾದಂತೆ ಮಾಡಿದವು. ಸಾತನೂರಿನಿಂದ ಒಂದು ರಸ್ತೆ ಚನ್ನಪಟ್ಟಣಕ್ಕೆ ಒಡೆಯುತ್ತದೆ. ಅಲ್ಲಿ ಹಾಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವವರನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮಾಡಿದವರ ಕೈ ಯಾವುದೆಂದು ಬೊಂಬೆಯಲ್ಲೇ ಗೊತ್ತಾಗುತ್ತದೆ.

ಸಾತನೂರು ದೊಡ್ಡ ಊರಲ್ಲ, ಕನಕಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಒಂದು ಕಾಲಕ್ಕೆ ತನ್ನ ಹೆಸರಿನದೇ ವಿಧಾನಸಭಾ ಕ್ಷೇತ್ರವಿತ್ತು. 2008ರ ಮರುವಿಂಗಡಣೆಯಲ್ಲಿ ಅದು ಹೋಯಿತು. ಬೆಂಗಳೂರು ಗ್ರಾಮಾಂತರದಲ್ಲಿದ್ದ ಊರು 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇಷ್ಟಾದರೂ ಸುತ್ತ ಕಾಣುವುದು ಅದೇ ರಾಗಿ ಹೊಲ, ಅದೇ ಹಿಪ್ಪುನೇರಳೆ ತೋಟ, ಅದೇ ತೆಂಗು.

ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಇಡ್ಲಿ ಬಂದಾಗ ಮೊದಲನೆಯ ಆಟ ತಾನಾಗಿಯೇ ಮಾತಿಗೆ ಬಂತು. 2023ರಲ್ಲಿ ಬಂದ 'ವೆಣ್ಬಾ' ಕೆನಡಾದ ಟೊರಾಂಟೊದಲ್ಲಿ ತಯಾರಾದದ್ದು. 1980ರ ದಶಕದ ಕೊನೆಯಲ್ಲಿ ಆ ದೇಶಕ್ಕೆ ಹೋದ ತಮಿಳು ದಂಪತಿಗಳ ಕಥೆ. ತಾಯಿ ಕೊಟ್ಟ ಅಡುಗೆ ಪುಸ್ತಕದ ಸಾಲುಗಳು ಅಳಿಸಿಹೋಗಿವೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು, ಯಾವುದನ್ನು ಮೊದಲು ಹಾಕಬೇಕು ಎಂಬುದನ್ನು ಆಡುವವರೇ ಊಹಿಸಬೇಕು. ನಡುವೆ ಮಗ ಬೆಳೆಯುತ್ತಾನೆ, ತಾಯಿಯ ನುಡಿಯಿಂದ ದೂರವಾಗುತ್ತಾನೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆ ರಾತ್ರಿ ನಮ್ಮಮ್ಮನ ಹುರುಳಿಕಾಳು ಬಸ್ಸಾರಿನ ಅಳತೆ ಯಾರೂ ಬರೆದಿಟ್ಟುಕೊಂಡಿಲ್ಲವೆಂಬುದು ನೆನಪಾಗಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಕನ್ನಡದ ಮನೆಯೊಳಗಿನ ಇಂಥ ಆಟವೊಂದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ಸಾತನೂರಿನಿಂದ ಆಟೊ ಹಿಡಿದು ಏಳೆಂಟು ಕಿಲೋಮೀಟರು ಹೋದರೆ ಕಬ್ಬಾಳು. ದೂರದಿಂದಲೇ ಕಾಣುವ, ಶಂಕುವಿನಂತೆ ನಿಂತ ಒಂಟಿ ಕಲ್ಲುಬೆಟ್ಟವೇ ಕಬ್ಬಾಳದುರ್ಗ. ದೇವಿಗೆ ಕೈಮುಗಿದು ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ನುಣುಪಾದ ಬಂಡೆ ಎದುರಾಗಿ ನನ್ನ ಉಸಿರು ನಿಂತಂತಾಯಿತು. ಹುಡುಗ ತಿರುಗಿ ನೋಡಿ, "ಚಿಕ್ಕಪ್ಪ, ಒಂದು ಗರಿ ನೆನೆಸ್ಕೊಳ್ಳಿ. ಉಸಿರಲ್ಲೇ ಅದನ್ನ ಮೇಲೆ ಕೆಳಗೆ ತೇಲಿಸಿ" ಎಂದ.

ಇದು 'ಸೆಲೆಸ್ಟ್' ಆಟದ ಪಾಠ. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕೇ ದಿನದಲ್ಲಿ ಕಟ್ಟಿದ ಪುಟ್ಟ ಮಾದರಿಯೊಂದು ಬೆಳೆದು 2018ರಲ್ಲಿ ಪೂರ್ಣ ಆಟವಾಗಿ ಬಂತು. ಮೇಡಲೀನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಎದೆಯ ದಿಗಿಲು ಹೆಚ್ಚಿದಾಗ ಗರಿಯೊಂದನ್ನು ಕಲ್ಪಿಸಿಕೊಂಡು ಉಸಿರು ಹದಕ್ಕೆ ತಂದುಕೊಳ್ಳುತ್ತಾಳೆ. ಆಟ ಬಲು ಕಷ್ಟ. ನಾನು ಸಾವಿರಾರು ಸಲ ಬಿದ್ದೆ. ಬಿದ್ದ ಲೆಕ್ಕವನ್ನು ಆಟವೇ ಬರೆದಿಡುತ್ತದೆ. ಜೊತೆಗೆ, ಎಷ್ಟು ಬಿದ್ದಿರೋ ಅಷ್ಟು ಕಲಿತಿರೆಂಬ ಸಮಾಧಾನವನ್ನೂ ಹೇಳುತ್ತದೆ.

"ಅದೂ ಲೆಕ್ಕ ಇಡುತ್ತೆ ಚಿಕ್ಕಪ್ಪ. ಆದ್ರೆ ಬೈಯಲ್ಲ" ಎಂದ ಹುಡುಗ. ಆರು ತಿಂಗಳಲ್ಲಿ ಅವನು ನನ್ನೊಡನೆ ಪರೀಕ್ಷೆಯ ಸಮೀಪಕ್ಕೆ ಬಂದ ಮಾತು ಅದೊಂದೇ. ನಾನು ಸಿದ್ಧಮಾಡಿಕೊಂಡಿದ್ದ ಬುದ್ಧಿಮಾತು ಗಂಟಲಲ್ಲೇ ಉಳಿಯಿತು.

ಇನ್ನೊಂದಿಷ್ಟು ಮೇಲೆ ಮೇಕೆ ಮೇಯಿಸುವ ಅಜ್ಜನೊಬ್ಬ ಸಿಕ್ಕಿದ. "ತುದೀಗ್ ಹೋಗಿ ಏನ್ ಮಾಡೀರಿ ಸ್ವಾಮಿ? ಗಾಳಿ ಐತೆ ಅಷ್ಟೆ. ಒಸಿ ಹೊತ್ತು ಕೂತ್ಕಳಿ" ಎಂದ. ಕೂತೆವು. ಹೊಲಕ್ಕೆ ಬರುವ ಆನೆ, ಗೂಡಿನ ಬೆಲೆ, ಬಾರದ ಮಳೆ ಎಲ್ಲ ಮಾತಾಯಿತು. ಮನೆಯಲ್ಲಿ ಊಟಕ್ಕೆ ಕರೆದರೂ ಓಗೊಡದ ಹುಡುಗ ಅಜ್ಜನನ್ನು ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ನನಗೆ ಮೂರನೆಯ ಆಟ ನೆನಪಾಯಿತು. ಆಡಮ್ ರಾಬಿನ್ಸನ್-ಯು 2019ರಲ್ಲಿ ಹೊರತಂದ 'ಎ ಶಾರ್ಟ್ ಹೈಕ್' ಆಟದಲ್ಲಿ ಕ್ಲೇರ್ ಎಂಬ ಹಕ್ಕಿಮರಿ ಫೋನಿನ ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತುತ್ತದೆ. ದಾರಿಯಲ್ಲಿ ಸಿಕ್ಕವರೊಡನೆ ಮಾತಾಡುತ್ತ, ಕಪ್ಪೆಚಿಪ್ಪು ಆಯ್ದುಕೊಡುತ್ತ, ಮೀನು ಹಿಡಿಯುತ್ತ ಹೋದರೆ ತುದಿಯ ನೆನಪೇ ಇರುವುದಿಲ್ಲ. ಕೊನೆಗೆ ತುದಿಯಲ್ಲಿ ಬರುವ ಕರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಮ್ಮನದು. ಅಷ್ಟು ಹೊತ್ತು ಆ ಮರಿ ಎಂಥ ದಿಗಿಲನ್ನು ಹೊತ್ತು ತಿರುಗುತ್ತಿತ್ತೆಂದು ನಮಗೆ ತಿಳಿಯುವುದು ಆಗಲೇ. ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು.

ತುದಿಯಲ್ಲಿ ಹಾಳುಬಿದ್ದ ಕೋಟೆಯ ಗೋಡೆಗಳಿವೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಇದು ಸೆರೆಯಾಳುಗಳನ್ನು ಇಡುವ ದುರ್ಗ. ಜಾಫರಾಬಾದ್ ಎಂಬ ಹೆಸರೂ ಇತ್ತು. ಇಲ್ಲಿನ ಗಾಳಿ ನೀರು ಒಗ್ಗದೆ ಸತ್ತವರ ಮಾತು ಹಳೆಯ ಗೆಜೆಟಿಯರುಗಳಲ್ಲಿದೆ. ಆಟದಲ್ಲಿ ಬಿದ್ದವರು ಮರುಕ್ಷಣ ಎದ್ದು ನಿಲ್ಲುತ್ತಾರೆ. ಇಲ್ಲಿಗೆ ಹತ್ತಿಸಿದ ಎಷ್ಟೋ ಜನ ಇಳಿಯಲೇ ಇಲ್ಲ. ಹುಡುಗ ಗೋಡೆಯ ಮೇಲೆ ಕೈಯಿಟ್ಟು, "ಇವ್ರಿಗೆಲ್ಲ ಯಾರಾದ್ರೂ ನೋಡೋಕೆ ಬರ್ತಿದ್ರಾ ಚಿಕ್ಕಪ್ಪ?" ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. "ನಾವು ಬಂದಿದೀವಲ್ಲೋ" ಎಂದೆ. ಅವನು ನಕ್ಕ.

ಹೋಗುವವರು ಬೆಳಿಗ್ಗೆ ಬೇಗ ಹೊರಡಿ, ನೀರು ಒಯ್ಯಿರಿ, ಬಂಡೆ ಒದ್ದೆಯಾಗಿದ್ದರೆ ಹತ್ತಲೇಬೇಡಿ. ಬೆಂಗಳೂರಿನಿಂದ ಸಾತನೂರಿಗೆ ಸುಮಾರು 70 ಕಿಲೋಮೀಟರು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ. ಅದಕ್ಕೆ ಮುಂಚೆ ಅವರು ಏನು ಆಡುತ್ತಿದ್ದಾರೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿ.