ಟ್ಯಾಂಗ್‌ಮಿಯರಿನ ಬೆಳದಿಂಗಳ ಬೇಟೆ

ಇಂಗ್ಲೆಂಡಿನ ದಕ್ಷಿಣ ತೀರದ ಬಳಿ ಚಿಚೆಸ್ಟರ್ ಎಂಬ ಪ್ರಾಚೀನ ಪಟ್ಟಣವಿದೆ. ಅದರ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರು ದೂರದಲ್ಲಿರುವ ಟ್ಯಾಂಗ್‌ಮಿಯರ್ ಒಂದು ಚಿಕ್ಕ ಹಳ್ಳಿ. 1917ರಲ್ಲಿ ಇಲ್ಲಿ ಸ್ಥಾಪಿತವಾದ ವಿಮಾನನೆಲೆಯು 1970ರಲ್ಲಿ ಮುಚ್ಚಿತು. ವಿಮಾನಗಳು ಓಡಿದ ನೆಲದ ಬಹುಭಾಗ ಮತ್ತೆ ಬೇಸಾಯದ ಪಾಲಾಯಿತು. ಗಾಜಿನ ಮನೆಗಳನ್ನು ಕಟ್ಟಿ ದೊಣ್ಣೆಮೆಣಸನ್ನು ಬೆಳೆದದ್ದೂ ಉಂಟು. 1982ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದು ಹಳೆಯ ನೆನಪುಗಳನ್ನು ಕಾಯ್ದುಕೊಂಡು ಬಂದಿದೆ.

ಪೋರ್ಟ್ಸ್‌ಮತ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾವು ಈ ಊರನ್ನು ಕಂಡೆವು. ನೆಲವು ಅಂಗೈಯಂತೆ ಸಮತಟ್ಟು. ಉತ್ತರಕ್ಕೆ ಹಸುರು ದಿಬ್ಬಗಳ ಸಾಲು. ದಕ್ಷಿಣದಲ್ಲಿ ಕಡಲು, ಅದರಾಚೆಗೆ ಫ್ರಾನ್ಸ್. 1942ರಲ್ಲಿ ಆ ಫ್ರಾನ್ಸ್ ಜರ್ಮನರ ವಶದಲ್ಲಿತ್ತು. ಅಲ್ಲಿನ ನೆಲೆಗಳಿಂದ ಹೊರಟ ಬಾಂಬರುಗಳು ರಾತ್ರಿವೇಳೆ ಎಕ್ಸೆಟರ್, ಬಾತ್ ಮುಂತಾದ ಪಟ್ಟಣಗಳ ಮೇಲೆ ಬೆಂಕಿ ಸುರಿಯುತ್ತಿದ್ದವು.

ಕತ್ತಲೆಯ ಆಕಾಶದಲ್ಲಿ ಬಾಂಬರನ್ನು ಹುಡುಕುವುದೆಂದರೆ ಕಗ್ಗತ್ತಲಲ್ಲಿ ಕರಿಯ ಇರುವೆಯನ್ನು ಅರಸಿದಂತೆ. ಆದರೆ ಹಕ್ಕಿ ಎಲ್ಲಿ ಹಾರಿದರೂ ಗೂಡಿಗೆ ಮರಳಲೇಬೇಕಷ್ಟೆ. ಆ ಗೂಡಿನ ಬಾಗಿಲಲ್ಲೇ ಹೊಂಚುಹಾಕುವ ವಿಮಾನಕ್ಕೆ ‘ಇಂಟ್ರೂಡರ್’ ಎಂದು ಹೆಸರು. ಟ್ಯಾಂಗ್‌ಮಿಯರಿನ ಒಂದನೆಯ ಸ್ಕ್ವಾಡ್ರನ್ ಈ ಕೆಲಸಕ್ಕೆ ಬಳಸಿದ್ದು ಹರಿಕೇನ್ ವಿಮಾನವನ್ನು. ಒಂದೇ ಎಂಜಿನ್, ಒಬ್ಬನೇ ಚಾಲಕ, ರಾಡಾರ್ ಇಲ್ಲ. ಮೈಗೆಲ್ಲ ಕಪ್ಪು ಬಣ್ಣ. ರೆಕ್ಕೆಗಳಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ದೂರದ ಹಾರಾಟಕ್ಕಾಗಿ ರೆಕ್ಕೆಗಳಡಿಯಲ್ಲಿ 44 ಗ್ಯಾಲನ್ನಿನ ಎರಡು ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳು. ಎಂಜಿನ್ನಿನ ಹೊಗೆಕೊಳವೆಗಳಿಂದ ಚಿಮ್ಮುವ ಉರಿ ಚಾಲಕನ ಕಣ್ಣು ಕೋರೈಸದಿರಲೆಂದು ಮುಂಭಾಗದಲ್ಲಿ ತಗಡಿನ ಮರೆಯನ್ನು ಕಟ್ಟುತ್ತಿದ್ದರು. ಹುಣ್ಣಿಮೆಯ ಆಚೀಚಿನ ರಾತ್ರಿಗಳೇ ಇವರ ಸುಗ್ಗಿ. ಕಡಲನ್ನು ದಾಟಲು, ನದಿಯ ತಿರುವುಗಳನ್ನು ಗುರುತಿಸಿ ದಾರಿ ಹಿಡಿಯಲು ಚಂದ್ರನೇ ದೀಪ. ನಮ್ಮ ಹೆಣ್ಣುಮಕ್ಕಳು ಮಗುವಿಗೆ ತೋರಿಸಿ ತುತ್ತುಣಿಸುವ ಅದೇ ಚಂದ್ರ!

ಈ ದಳದ ನಾಯಕ ಜೇಮ್ಸ್ ಮ್ಯಾಕ್‌ಲಾಕ್ಲನ್. 1941ರಲ್ಲಿ ಮಾಲ್ಟಾದ ಮೇಲಿನ ಕಾಳಗದಲ್ಲಿ ಗಾಯಗೊಂಡು ಎಡಗೈಯನ್ನು ಕಳೆದುಕೊಂಡವನು. ಕೃತಕ ತೋಳನ್ನು ಜೋಡಿಸಿಕೊಂಡು ಇಲ್ಲಿಂದ ಒಬ್ಬನೇ ಇರುಳಿನಲ್ಲಿ ಹಾರುತ್ತಿದ್ದ. ಎರಡೂ ಕೈಗಳಿರುವವನಿಗೇ ಸಾಕುಸಾಕಾಗುವ ಕೆಲಸವದು.

ಅವನನ್ನೂ ಮೀರಿಸಿದವನು ಕಾರೆಲ್ ಕುಟ್ಟೆಲ್‌ವಾಷರ್ ಎಂಬ ಚೆಕ್ ತರುಣ. 1939ರಲ್ಲಿ ತನ್ನ ನಾಡು ಹಿಟ್ಲರನ ಪಾಲಾದಾಗ ಪೋಲೆಂಡಿಗೆ ನುಸುಳಿ, ಅಲ್ಲಿಂದ ಫ್ರಾನ್ಸಿಗೆ ಬಂದು, ಫ್ರಾನ್ಸೂ ಸೋತ ಮೇಲೆ ಇಂಗ್ಲೆಂಡನ್ನು ಸೇರಿದ್ದ. ಅವನ ವಿಮಾನದ ಮೇಲೆ ಕುಡುಗೋಲಿನ ಚಿತ್ರವಿತ್ತು. ‘ರಾತ್ರಿಯ ಕೊಯ್ಲುಗಾರ’ ಎಂಬರ್ಥದ ಇಂಗ್ಲಿಷ್ ಹೆಸರೂ ಇತ್ತು. ಏಪ್ರಿಲಿನಿಂದ ಜುಲೈ ಮೊದಲವರೆಗೆ ಹದಿನೈದು ವಿಮಾನಗಳನ್ನು ಹೀಗೆ ಕೆಡವಿದ. ಮೇ 4ರ ರಾತ್ರಿ ಹೊರಟು ಸೇಂಟ್ ಆಂದ್ರೆ ಎಂಬ ನೆಲೆಯ ಮೇಲೆ ಸುತ್ತುತ್ತ, ಕೆಲವೇ ನಿಮಿಷಗಳೊಳಗೆ ಮೂರು ಹೈಂಕೆಲ್ ಬಾಂಬರುಗಳನ್ನು ಉರುಳಿಸಿದನು.

ಈ ಬಗೆಯ ಯುದ್ಧವನ್ನು ಮೆಚ್ಚಬೇಕೇ ಎಂಬ ಪ್ರಶ್ನೆ ನಮ್ಮನ್ನು ಅಲ್ಲಿ ಕಾಡಿತು. ಹಿಂದಿರುಗಿದ ವಿಮಾನ ದೀಪ ಹೊತ್ತಿಸುತ್ತದೆ. ಕೆಳಗೆ ನೆಲದ ದೀಪಗಳೂ ಬೆಳಗುತ್ತವೆ. ಒಳಗಿನವರು ‘ಬದುಕಿದೆವು’ ಎಂದು ಉಸಿರುಬಿಡುವ ಹೊತ್ತಿಗೇ ಹಿಂದಿನಿಂದ ಗುಂಡು. ಆದರೆ ಅವರು ಬಾಂಬು ಹಾಕಿ ಬಂದ ಊರುಗಳಲ್ಲಿ ಮಲಗಿದ್ದ ಮಕ್ಕಳಿಗೆ ಅಷ್ಟು ಉಸಿರೂ ಉಳಿದಿರಲಿಲ್ಲ. ಈ ಲೆಕ್ಕವನ್ನು ಎಷ್ಟು ಬಾರಿ ಕೂಡಿಸಿದರೂ ನಮ್ಮ ಕೈಯಲ್ಲಿ ಸಮವಾಗಲಿಲ್ಲ.

ಹಳ್ಳಿಯ ಸಂತ ಆಂಡ್ರೂ ಇಗರ್ಜಿಯ ಅಂಗಳದಲ್ಲಿ ಬ್ರಿಟಿಷ್ ವೈಮಾನಿಕರ ಸಮಾಧಿಗಳಿವೆ. ಜರ್ಮನ್ ವೈಮಾನಿಕರ ಸಮಾಧಿಗಳೂ ಅಲ್ಲೇ ಇವೆ. ಹುಲ್ಲನ್ನು ಎರಡೂ ಕಡೆ ಒಂದೇ ಸಮನಾಗಿ ಕತ್ತರಿಸಿದ್ದರು.

ಮ್ಯಾಕ್‌ಲಾಕ್ಲನ್ 1943ರಲ್ಲಿ ಫ್ರಾನ್ಸಿನ ಮೇಲೆ ಹಾರುವಾಗ ವಿಮಾನ ಬಿದ್ದು, ಶತ್ರುವಿನ ಸೆರೆಯಲ್ಲೇ ಮಡಿದ. ಕುಟ್ಟೆಲ್‌ವಾಷರ್ ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಮರಳಿದನಾದರೂ ಅಲ್ಲಿ ನೆಲೆನಿಲ್ಲಲಿಲ್ಲ. 1946ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದು ಬ್ರಿಟಿಷ್ ಯೂರೋಪಿಯನ್ ಏರ್‌ವೇಸ್ ಸಂಸ್ಥೆಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವ ವಿಮಾನಗಳ ಚಾಲಕನಾದ. 1959ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ನಲವತ್ತೆರಡು ವರ್ಷ.