ಅದಿರಿಗೂ ತ್ಯಾಜ್ಯಕ್ಕೂ ನಡುವಣ ಗೆರೆ

ನೆಲದೊಳಗಿರುವ ಬಂಡೆ ತಾನಾಗಿ ಅದಿರೂ ಅಲ್ಲ, ತ್ಯಾಜ್ಯವೂ ಅಲ್ಲ. ಅಗೆದು, ಅರೆದು, ಲೋಹವನ್ನು ಬೇರ್ಪಡಿಸಿ ಮಾರಿದ ಮೇಲೆ ಖರ್ಚು ಕಳೆದು ಏನಾದರೂ ಉಳಿಯುವಂತಿದ್ದರೆ ಆ ಬಂಡೆಯನ್ನು ಅದಿರು ಎನ್ನುತ್ತಾರೆ. ಅದನ್ನು ತಲುಪುವುದಕ್ಕಾಗಿ ಬಗೆದು ಪಕ್ಕಕ್ಕೆ ಸುರಿಯಬೇಕಾದ ಉಳಿದುದೆಲ್ಲ ತ್ಯಾಜ್ಯ. ಲೋಹದ ಬೆಲೆ, ಸಂಸ್ಕರಣೆಯ ವೆಚ್ಚ ಮತ್ತು ವಿಧಾನ ಬದಲಾದಂತೆಲ್ಲ ಈ ಗೆರೆ ಸರಿಯುತ್ತದೆ. ಗಣಿಯ ವೇಳಾಪಟ್ಟಿ ಹಾಕುವ ತಂತ್ರಾಂಶದಲ್ಲಿ ಆ ಗೆರೆಯನ್ನು ಅಳಿಸಿ ಮತ್ತೊಮ್ಮೆ ಎಳೆಯುವ ಕೆಲಸಕ್ಕೆ ಮರುವರ್ಗೀಕರಣ ಎಂದು ಹೆಸರು. ಹೊರಗಿನಿಂದ ನೋಡುವವರಿಗೆ ಇದು ಬರಿಯ ಲೆಕ್ಕ ತಿದ್ದುವ ಗುಮಾಸ್ತಿಕೆಯಂತೆ ಕಂಡೀತು. ಒಳಹೊಕ್ಕವರಿಗೆ ಭೂವಿಜ್ಞಾನ, ಗಣಿತ ಮತ್ತು ಮಾರುಕಟ್ಟೆ ಮೂರೂ ಒಂದೇ ಪರದೆಯ ಮೇಲೆ ಕೂಡುವ, ಎಷ್ಟು ಮಾಡಿದರೂ ದಣಿವಾಗದ ಕಸುಬು.

ಬೆಂಗಳೂರಿನ ಪೂರ್ವಭಾಗಕ್ಕೆ ಈ ವಿಚಾರ ಹೊಸದಲ್ಲ. ಶಿವಾಜಿನಗರದ ಚಿನಿವಾರರ ಅಂಗಡಿಗಳಲ್ಲಿ ನೆಲ ಗುಡಿಸಿದ ದೂಳನ್ನು ಬೀದಿಗೆ ಚೆಲ್ಲದೆ ಕೂಡಿಡುವುದರ ಹಿಂದಿರುವುದೂ ಇದೇ ತರ್ಕ. 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಕೋಲಾರ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟನು. ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಆ ಬರಹವನ್ನು ಓದಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಅನಂತರ ಗಣಿಗಾರಿಕೆಯ ಹಕ್ಕು ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಬೆಳೆದ ಕೋಲಾರ ಚಿನ್ನದ ಗಣಿಗಳಲ್ಲಿ, ಆರಂಭದ ದಶಕದ ಬಂಡೆ ಟನ್ನಿಗೆ ಸರಾಸರಿ 40 ಗ್ರಾಮಿಗೂ ಹೆಚ್ಚು ಚಿನ್ನ ಕೊಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ಕಾಲಕ್ಕೆ ಅದು ಸುಮಾರು 3 ಗ್ರಾಮಿಗೆ ಇಳಿದಿತ್ತು. ಮೊದಲ ತಲೆಮಾರು ತಿರುಗಿಯೂ ನೋಡದಿದ್ದ ಬಂಡೆಯನ್ನೇ ಕೊನೆಯ ತಲೆಮಾರು ಅದಿರೆಂದು ಹೊತ್ತು ಮೇಲಕ್ಕೆ ತಂದಿತು.

ಅಂದು ಕಡತ, ನಕ್ಷೆ ಮತ್ತು ಅನುಭವಿಗಳ ಕಣ್ಣಂದಾಜಿನಲ್ಲಿ ನಡೆಯುತ್ತಿದ್ದ ಈ ವಿಂಗಡಣೆ ಇಂದು ಬ್ಲಾಕ್ ಮಾಡೆಲ್ ಎಂಬ ಗಣಕ ಮಾದರಿಯಲ್ಲಿ ನಡೆಯುತ್ತದೆ. ಅದಿರಿನ ನಿಕ್ಷೇಪವನ್ನೂ ಸುತ್ತಲಿನ ಬಂಡೆಯನ್ನೂ ಸಮನಾದ ಪೆಟ್ಟಿಗೆಗಳಾಗಿ ಕಲ್ಪಿಸಿಕೊಂಡು, ಕೊರೆದು ತೆಗೆದ ಮಾದರಿಗಳ ಆಧಾರದ ಮೇಲೆ ಪ್ರತಿ ಪೆಟ್ಟಿಗೆಗೂ ಸಾಂದ್ರತೆ, ಶಿಲೆಯ ಬಗೆ ಮತ್ತು ದರ್ಜೆಯನ್ನು, ಅಂದರೆ ಟನ್ನಿನಲ್ಲಿರುವ ಲೋಹದ ಪ್ರಮಾಣವನ್ನು, ಅಂದಾಜಿಸಿ ಬರೆಯಲಾಗುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಪೆಟ್ಟಿಗೆಯ ಗಾತ್ರ 500 ಘನ ಮೀಟರ್. ಬಂಡೆಯ ಸಾಂದ್ರತೆ 2.8 ಆದರೆ ಅದರ ತೂಕ 1,400 ಟನ್. ಇಂತಹ ಲಕ್ಷಾಂತರ ಪೆಟ್ಟಿಗೆಗಳಲ್ಲಿ ಯಾವುದನ್ನು ಯಾವ ತಿಂಗಳಲ್ಲಿ ಅಗೆದು ಎಲ್ಲಿಗೆ ಸಾಗಿಸಬೇಕೆಂದು ವೇಳಾಪಟ್ಟಿಯ ತಂತ್ರಾಂಶ ನಿರ್ಧರಿಸುತ್ತದೆ. ಗಿರಣಿಗೋ, ಮುಂದಿನ ಬಳಕೆಯ ದಾಸ್ತಾನಿಗೋ, ತ್ಯಾಜ್ಯ ಸುರಿಯುವ ಡಂಪಿಗೋ ಎಂಬುದನ್ನು ಪೆಟ್ಟಿಗೆಗೆ ಅಂಟಿಸಿದ ವರ್ಗದ ಹೆಸರು ಹೇಳುತ್ತದೆ.

ವರ್ಗವನ್ನು ತೀರ್ಮಾನಿಸುವ ಮುಖ್ಯ ಸಂಖ್ಯೆಗೆ ಗಣಿಯವರು ಕಟ್-ಆಫ್ ಎನ್ನುತ್ತಾರೆ. ಅದಕ್ಕಿಂತ ಕೆಳಗಿನ ದರ್ಜೆಯ ಬಂಡೆ ತನ್ನ ಖರ್ಚನ್ನು ತಾನು ಹೊರಲಾರದು. ಉದಾಹರಣೆಗೆ, ಒಂದು ಟನ್ನನ್ನು ಅಗೆದು, ಸಾಗಿಸಿ, ಸಂಸ್ಕರಿಸಲು ಒಟ್ಟು 3,600 ರೂಪಾಯಿ ತಗಲುತ್ತದೆ, ಗಿರಣಿಯು ಬಂಡೆಯಲ್ಲಿರುವ ಚಿನ್ನದ ಶೇ 90ರಷ್ಟನ್ನು ಹಿಡಿಯುತ್ತದೆ, ಚಿನ್ನದ ಬೆಲೆ ಗ್ರಾಮಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಕಟ್-ಆಫ್ ಟನ್ನಿಗೆ ಸರಿಯಾಗಿ 1 ಗ್ರಾಂ. ಬೆಲೆ 8,000ಕ್ಕೆ ಏರಿದರೆ ಅದು ಅರ್ಧ ಗ್ರಾಮಿಗೆ ಇಳಿಯುತ್ತದೆ, ಮತ್ತು 0.7 ಗ್ರಾಂ ದರ್ಜೆಯ ಪೆಟ್ಟಿಗೆ ನೆಲದೊಳಗೆ ಕದಲದೆ ಇದ್ದಲ್ಲಿಯೇ ತ್ಯಾಜ್ಯದಿಂದ ಅದಿರಾಗುತ್ತದೆ. ಹೊಸ ಸಂಖ್ಯೆಯನ್ನು ಕೊಟ್ಟ ಕ್ಷಣದಲ್ಲಿ ತ್ಯಾಜ್ಯವನ್ನು ಸೂಚಿಸುವ ಬೂದುಬಣ್ಣದ ಪೆಟ್ಟಿಗೆಗಳ ಅಂಚು ಅದಿರಿನ ಕೆಂಪಿಗೆ ತಿರುಗಿ, ಆ ಕೆಂಪು ಬಂಡೆಯ ಸೀಳುಗಳನ್ನು ಅನುಸರಿಸಿ ಹರಡುವುದನ್ನು ಪರದೆಯ ಮೇಲೆ ನೋಡುವುದರಲ್ಲಿ, ಕೋಟ್ಯಂತರ ವರ್ಷಗಳ ಭೂಚರಿತ್ರೆಯೂ ಇಂದಿನ ಪೇಟೆಯ ದರವೂ ಮುಖಾಮುಖಿಯಾಗುವುದನ್ನು ಕಾಣುವ ಸುಖವಿದೆ.

ಆದರೆ ಈ ಸುಖ ಶಿಸ್ತನ್ನು ಬೇಡುತ್ತದೆ. 1 ಗ್ರಾಮಿಗಿಂತ ಹೆಚ್ಚಿನದು ಅದಿರು, 1 ಗ್ರಾಮಿಗಿಂತ ಕಡಿಮೆಯದು ತ್ಯಾಜ್ಯ ಎಂದು ನಿಯಮ ಬರೆದವರು ಸರಿಯಾಗಿ 1 ಗ್ರಾಂ ಇರುವ ಪೆಟ್ಟಿಗೆಯನ್ನು ಎರಡು ಕಡೆಯಿಂದಲೂ ಹೊರಗಿಟ್ಟಿರುತ್ತಾರೆ. ಎರಡು ನಿಯಮಗಳು ಒಂದರ ಮೇಲೊಂದು ಹಾಯ್ದರೆ ಒಂದೇ ಬಂಡೆ ಲೆಕ್ಕದಲ್ಲಿ ಎರಡು ಸಲ ಬರುವ ಅಪಾಯವಿರುತ್ತದೆ. ಆದ್ದರಿಂದ ಬಲ್ಲವರು ಮೊದಲು ಎಲ್ಲ ಪೆಟ್ಟಿಗೆಗಳನ್ನೂ ತ್ಯಾಜ್ಯವೆಂದು ಗುರುತಿಸಿಕೊಂಡು ಅನಂತರ ಒಂದೊಂದಾಗಿ ಮೇಲಿನ ವರ್ಗಗಳನ್ನು ಬರೆಯುತ್ತಾರೆ, ಹಳೆಯ ವರ್ಗವನ್ನು ಅಳಿಸದೆ ಹೊಸದನ್ನು ಬೇರೆಯೇ ಅಂಕಣದಲ್ಲಿ ಇಡುತ್ತಾರೆ, ಮತ್ತು ಕೊನೆಗೆ ಒಟ್ಟು ಟನ್ನುಗಳನ್ನು ಕೂಡಿ ನೋಡುತ್ತಾರೆ. ಹೆಸರು ಬದಲಾಯಿಸಿದ ಮಾತ್ರಕ್ಕೆ ಬಂಡೆಯ ತೂಕ ಬದಲಾಗದು. ಮೊದಲಿನ ಮೊತ್ತಕ್ಕೂ ಈಗಿನ ಮೊತ್ತಕ್ಕೂ ಒಂದೇ ಒಂದು ಟನ್ನಿನ ಅಂತರವೂ ಇಲ್ಲದೆ ತಾಳೆಯಾದಾಗ ದೊರೆಯುವ ತೃಪ್ತಿ ಈ ಕಸುಬಿನ ದೊಡ್ಡ ಸಂಭಾವನೆ. ಅಲ್ಲಿಗೂ ಕೆಲಸ ಮುಗಿಯುವುದಿಲ್ಲ: ನಾಲ್ಕೂ ಕಡೆ ತ್ಯಾಜ್ಯ ಸುತ್ತುವರಿದಿರುವ ಒಂಟಿ ಅದಿರಿನ ಪೆಟ್ಟಿಗೆಯನ್ನು ದೊಡ್ಡ ಯಂತ್ರದ ಬಕೆಟ್ಟು ಬೇರೆಯಾಗಿ ಎತ್ತಲಾರದು, ಆದ್ದರಿಂದ ಅದನ್ನು ತ್ಯಾಜ್ಯದ ಪಾಲಿಗೆ ಬಿಟ್ಟುಕೊಡುವ ವಿವೇಕವೂ ಬೇಕು.

ಅದಿರು ಮತ್ತು ತ್ಯಾಜ್ಯಗಳ ನಡುವೆ ಇನ್ನೂ ಒಂದು ಮನೆಯಿದೆ. ಭಾರತೀಯ ಗಣಿ ಬ್ಯೂರೊ ಖನಿಜಗಳಿಗೆ ಹೊಸ್ತಿಲ ಮೌಲ್ಯವನ್ನು, ಅಂದರೆ ಅದಕ್ಕಿಂತ ಕೆಳಗಿನದನ್ನು ಮಾತ್ರ ತ್ಯಾಜ್ಯವೆನ್ನಬಹುದಾದ ಮಿತಿಯನ್ನು, ಗೊತ್ತುಪಡಿಸುತ್ತದೆ. ಹೆಮಟೈಟ್ ಕಬ್ಬಿಣದ ಅದಿರಿಗೆ 2009ರಲ್ಲಿ ಈ ಮಿತಿ ಶೇ 45ರಷ್ಟು ಕಬ್ಬಿಣಾಂಶಕ್ಕೆ ಇಳಿಯಿತು. ಅದಕ್ಕೆ ಮುಂಚೆ ಶೇ 55 ಎಂಬ ಲೆಕ್ಕ ರೂಢಿಯಲ್ಲಿತ್ತು. ಮಿತಿ ಇಳಿದುದರೊಂದಿಗೆ ಸಂಡೂರು, ಹೊಸಪೇಟೆಗಳ ಕಡೆ ಡಂಪಿನ ಪಾಲಾಗುತ್ತಿದ್ದ ಎಷ್ಟೋ ಬಂಡೆ, ಇಂದು ಮಾರಾಟವಾಗದಿದ್ದರೂ ನಾಳೆಗಾಗಿ ಪ್ರತ್ಯೇಕ ರಾಶಿಯಲ್ಲಿ ಕಾಪಾಡಬೇಕಾದ ಕೆಳದರ್ಜೆಯ ಖನಿಜವಾಯಿತು. 1964ರಲ್ಲಿ ಕೆನೆತ್ ಲೇನ್ ಎಂಬ ವಿದ್ವಾಂಸ ಅಗೆಯುವ, ಅರೆಯುವ ಮತ್ತು ಮಾರುವ ಸಾಮರ್ಥ್ಯಗಳ ಮಿತಿಗೆ ಅನುಗುಣವಾಗಿ ಕಟ್-ಆಫ್ ಗಣಿಯ ಆಯುಷ್ಯದುದ್ದಕ್ಕೂ ಬದಲಾಗಬೇಕೆಂದು ತೋರಿಸಿದ್ದನು. ಇಂತಹ ರಾಶಿಗಳು ಆ ತತ್ತ್ವಕ್ಕೆ ಕಣ್ಣೆದುರಿನ ಉದಾಹರಣೆಗಳು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿಯೇ ಇದೆ. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಹುಡಿಯ ಗುಡ್ಡಗಳನ್ನು ಊರಿನವರು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಹುಡಿಯಿದ್ದು, ಟನ್ನಿಗೆ 0.7 ಗ್ರಾಮಿನಂತೆ ಲೆಕ್ಕ ಹಾಕಿದರೆ ಸುಮಾರು 23 ಟನ್ ಚಿನ್ನವಾಗುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದವರೆಗೆ ಇಳಿದು ಅಗೆದ ಖರ್ಚು, ಹೊತ್ತು ತಂದ ಖರ್ಚು, ಅರೆದ ಖರ್ಚು ಎಲ್ಲವನ್ನೂ ಹಿಂದಿನವರು ತೆತ್ತಿರುವುದರಿಂದ ಈ ಹುಡಿಯ ಕಟ್-ಆಫ್ ಹೊಸ ಬಂಡೆಯದಕ್ಕಿಂತ ಬಹಳ ಕೆಳಗಿರುತ್ತದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಮರುಗಣಿಗಾರಿಕೆಗೆ ಒಪ್ಪಿಗೆ ನೀಡಿದಾಗ, ತ್ಯಾಜ್ಯವೆಂದು ಬರೆದಿದ್ದ ಒಂದು ಭೂದೃಶ್ಯವೇ ಅದಿರಿನ ಅಂಕಣಕ್ಕೆ ಸರಿಯತೊಡಗಿತು. ಗಾಳಿಯ ಕಾಲದಲ್ಲಿ ಆ ದಿಬ್ಬಗಳ ದೂಳನ್ನು ಉಸಿರಾಡಿದವರು ಅಲ್ಲಿನ ಕಾರ್ಮಿಕ ಬಡಾವಣೆಗಳ ಜನ. ಗಣಿ ಮುಚ್ಚಿದ ಮೇಲೆ ಅವರ ಮನೆಗಳಿಂದಲೇ ಅನೇಕರು ಬೆಳಗಿನ ಮಾರಿಕುಪ್ಪಂ ರೈಲು ಹಿಡಿದು ದುಡಿಮೆಗಾಗಿ ಕೆ.ಆರ್. ಪುರಕ್ಕೂ ದಂಡಿನ ನಿಲ್ದಾಣಕ್ಕೂ ಬರುತ್ತಿದ್ದಾರೆ. ಕಟ್-ಆಫ್ ಸೂತ್ರದಲ್ಲಿ ಅವರ ಉಸಿರಿಗೆ ಅಂಕಣವಿಲ್ಲ, ಇರಬೇಕು.

ಆದ್ದರಿಂದ ಇಂದಿರಾನಗರದಲ್ಲಾಗಲಿ ಹಲಸೂರಿನಲ್ಲಾಗಲಿ ಕುಳಿತು ಇಂತಹ ಮಾದರಿಗಳನ್ನು ತಿದ್ದುವ ಕಿರಿಯರು ಒಂದು ನಿಯಮವನ್ನು ಪಾಲಿಸುವುದು ಒಳ್ಳೆಯದು: ತ್ಯಾಜ್ಯ ಎಂಬ ಹೆಸರಿನ ಪಕ್ಕದಲ್ಲಿ ಅದನ್ನು ಕೊಟ್ಟ ದಿನಾಂಕ, ಅಂದಿನ ಬೆಲೆ, ಅಂದಿನ ವಿಧಾನ ಮತ್ತು ರಾಶಿ ಹಾಕಿದ ಜಾಗವನ್ನು ತಪ್ಪದೆ ಬರೆದಿಡಬೇಕು. ಮುಂದೆ ಗೆರೆಯನ್ನು ಮತ್ತೆ ಎಳೆಯಬೇಕಾದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.