ಹಳೇ ಮಷಿನ್ ಬಾಯಿ ಬಿಡುವವರೆಗೆ

ಮಹಾಂತೇಶ ನಗರದಲ್ಲಿ ಮಳೆ ಹಿಡಿದುಕೊಂಡಿದೆ. ಕಿಟಕಿ ತೆರೆದರೆ ಕೀಬೋರ್ಡಿನ ಮೇಲೆ ಎರಚಲು, ಮುಚ್ಚಿದರೆ ಒದ್ದೆ ಗೋಡೆಯ ವಾಸನೆ. ಪರದೆಯ ಮೇಲೆ ಎಚ್ಚರಿಕೆ ಬಂದು ನಿಂತಿದೆ: ಒನ್-ವೇ ಅಪ್‌ಗ್ರೇಡ್. ಹೋದರೆ ಹೋದಂತೆ, ಹಿಂದಕ್ಕೆ ದಾರಿಯಿಲ್ಲ. ಬೆರಳು ಮೌಸಿನ ಮೇಲಿದೆ, ಒತ್ತುವ ಧೈರ್ಯವಿಲ್ಲ.

ಫೋನ್ ಗುಡುಗುತ್ತದೆ. ಖಾನಾಪುರ ರಸ್ತೆಯ ಉದ್ಯಮಬಾಗದ ವರ್ಕ್‌ಶಾಪಿನಿಂದ. "ಸರ್, ಮುಂಜಾನೆ ಶಿಫ್ಟಿಗೆ ಟೆಸ್ಟಿಂಗ್ ಚಾಲೂ ಆಗ್ತದೇನ್ರಿ?"

"ನೋಡ್ತೀನ್ರಿ" ಎನ್ನುತ್ತೀರಿ. ಗಂಟಲು ಒಣಗಿದೆ.

ವಾಲ್ವಿನ ಒತ್ತಡ ಅಳೆಯುವ ಆ ಪ್ರೋಗ್ರಾಂ ವಿಷುಯಲ್ ಸ್ಟುಡಿಯೋ 2008ರದ್ದು. ಅದರ ಪ್ರಾಜೆಕ್ಟ್ ಸೆಟ್ಟಿಂಗುಗಳು ವಿಸಿಪ್ರಾಜ್ ಎಂಬ ಕಡತದಲ್ಲಿವೆ. 2010ರಲ್ಲಿ ಮೈಕ್ರೋಸಾಫ್ಟ್ ಆ ಪದ್ಧತಿ ಕೈಬಿಟ್ಟು, ಎಂಎಸ್‌ಬಿಲ್ಡ್ ಓದುವ ವಿಸಿಎಕ್ಸ್‌ಪ್ರಾಜ್ ತಂದಿತು. ನಿಮ್ಮ ಎದುರಿಗಿರುವುದು 2022ರ ಆವೃತ್ತಿ. ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಉಸಿರು ಹಿಡಿದು ಒತ್ತುತ್ತೀರಿ.

ಪರಿವರ್ತನೆ ಸಲೀಸಾಗಿ ಮುಗಿಯುತ್ತದೆ. ಇಂಥ ಸಲೀಸನ್ನು ನಂಬಬಾರದು. ಬಿಲ್ಡ್ ಕೊಟ್ಟ ಕೂಡಲೇ ಕೆಂಪು ಸಾಲು, ಸಿ1083: ಹೆಡರ್ ಕಡತ ಸಿಗುತ್ತಿಲ್ಲ.

ಹೊಟ್ಟೆ ಕಲಕುತ್ತದೆ. ಎಲ್ಲಿ ಹುಡುಕಬೇಕೆಂಬ ಪಟ್ಟಿ 2008ರಲ್ಲಿ ಪ್ರಾಜೆಕ್ಟಿನೊಳಗೆ ಇರುತ್ತಿರಲಿಲ್ಲ. ಟೂಲ್ಸ್, ಆಪ್ಶನ್ಸ್, ವಿಸಿ++ ಡೈರೆಕ್ಟರೀಸ್: ಅದು ಬರೆದವನ ಕಂಪ್ಯೂಟರಿನ ಸ್ವಂತ ನೆನಪು. ಕಡತ ಬಂದಿದೆ, ನೆನಪು ಬಂದಿಲ್ಲ. ಬರೆದವನಂತೂ ಪುಣೆ ಸೇರಿ ವರ್ಷಗಳಾದವು.

ಮೂಲೆಯಲ್ಲಿ ಅವನ ಹಳೇ ಮಷಿನ್ ಕೂತಿದೆ. ಪ್ಲಗ್ ಚುಚ್ಚುತ್ತೀರಿ. ಫ್ಯಾನ್ ಕಿರ್ರೆನ್ನುತ್ತದೆ, ಕಾದ ಧೂಳಿನ ವಾಸನೆ ಮೂಗಿಗೆ ಅಡರುತ್ತದೆ. ಹಾರ್ಡ್‌ಡಿಸ್ಕ್ ಟಕ್ ಅನ್ನುತ್ತದೆ. ಮತ್ತೆ ಟಕ್. ಪರದೆ ಕಪ್ಪು. ಅಂಗೈ ಬೆವರುತ್ತದೆ. ಟಕ್. ಕರೆಂಟು ಹೋಗದಿದ್ದರೆ ಸಾಕು. ಕಪ್ಪು. ಟಕ್. ಥಟ್ಟನೆ ಎಕ್ಸ್‌ಪಿಯ ನೀಲಿ ಬೆಳಕು!

ಪಟ್ಟಿ ತೆರೆದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೀರಿ, ಒಂದಲ್ಲ, ಸಾಲಾಗಿ ಹಲವು. ನಂತರ ಒಂದೊಂದೇ ದಾರಿಯನ್ನು ಈ ಬಾರಿ ಪ್ರಾಜೆಕ್ಟಿನೊಳಗೇ ಬರೆಯುತ್ತೀರಿ.

ಈಗೊಂದು ಆಸೆ ಮೂಡುತ್ತದೆ. ಕ್ಯಾರೆಕ್ಟರ್ ಸೆಟ್ ಎಂಬಲ್ಲಿ ಇನ್ನೂ ಮಲ್ಟಿ-ಬೈಟ್ ಅಂತಿದೆ. ಇಷ್ಟೆಲ್ಲ ಆದಮೇಲೆ ಯೂನಿಕೋಡ್ ಮಾಡಿಬಿಟ್ಟರೆ? ಸೋರ್ಸ್ ತೆರೆಯುತ್ತೀರಿ. 'ಒತ್ತಡ' ಎಂದಿರಬೇಕಾದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು: ಹಳೇ ನುಡಿ ಫಾಂಟಿನ ಕಾಲದ ಬರಹ. ಆ ಫಾಂಟು ತೊಡಿಸಿದರಷ್ಟೇ ಕನ್ನಡ. ಇದನ್ನು ಮುಟ್ಟಿದರೆ ಬೆಳಗಿನವರೆಗೆ ದೋಷಗಳನ್ನೇ ಎಣಿಸಬೇಕು. ಒಂದು ರಾತ್ರಿಗೆ ಒಂದೇ ವಲಸೆ ಸಾಕು. ಮಲ್ಟಿ-ಬೈಟ್ ಹಾಗೇ ಇರಲಿ.

ಮತ್ತೆ ಬಿಲ್ಡ್. ಕಂಪೈಲ್ ದಾಟಿತು. ಲಿಂಕರ್‌ನಲ್ಲಿ ಕೆಂಪು: ಎಲ್‌ಎನ್‌ಕೆ2019, ಸ್ಪ್ರಿಂಟ್‌ಎಫ್ ಇಲ್ಲ. ಸಿ ಭಾಷೆ ಕಲಿತ ಪ್ರತಿಯೊಬ್ಬರೂ ಬಳಸಿದ ಫಂಕ್ಷನ್ ಇಲ್ಲವೆಂದರೇನು! 2015ರಿಂದ ಅದು ಹೆಡರಿನೊಳಗೆ ಸೇರಿಹೋಗಿದೆ. ಸೆನ್ಸರ್ ಕಾರ್ಡಿನ ಹಳೇ ಲೈಬ್ರರಿ ಅದನ್ನು ಹಳೇ ವಿಳಾಸದಲ್ಲೇ ಹುಡುಕುತ್ತಿದೆ. ಲಿಂಕರ್ ಪಟ್ಟಿಗೆ ಲೆಗಸಿ_ಸ್ಟ್ಯಾಂಡರ್ಡ್ ಐಒ_ಡೆಫಿನಿಷನ್ಸ್ ಸೇರಿಸುತ್ತೀರಿ. ಒತ್ತುತ್ತೀರಿ. ಕಾಯುತ್ತೀರಿ.

ಬಿಲ್ಡ್ ಸಕ್ಸೀಡೆಡ್.

ಕುಣಿಯುವ ಹೊತ್ತಲ್ಲ. ಕಟ್ಟಿದ್ದಕ್ಕೆ ಸರಿಯಾಗಿ ಅಳೆಯುತ್ತದೆಂಬ ಖಾತ್ರಿಯೇನಿಲ್ಲ, ಅತ್ತ ಪೈಪಿನಲ್ಲಿರುವುದು ನಿಜವಾದ ಒತ್ತಡ. ಫೋನ್ ಎತ್ತಿಕೊಳ್ಳುತ್ತೀರಿ.

"ಕಳಿಸೀನ್ರಿ. ಪಂಪ್ ಬಂದ್ ಇಟ್ಟು ಮೊದಲ ಸೊನ್ನಿ ತೋರಸ್ತದೇನ್ ನೋಡ್ರಿ. ಹಳೇ ಪ್ರೋಗ್ರಾಂ ಅಳಸಬ್ಯಾಡ್ರಿ."